ಗುಲಾಬಿ ಕುಂಡಕ್ಕೆ ಬಿದ್ದ ಸುಣ್ಣ

ಇಂಟರ್‌ಮೀಡಿಯೆಟ್‌ನಲ್ಲಿ ನಾನು ಫೇಲಾದದ್ದು ರಸಾಯನಶಾಸ್ತ್ರವೊಂದರಲ್ಲಿ ಮಾತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹುಳಿ, ಕ್ಷಾರ, ಗೊಬ್ಬರದ ನೀರು ಎಂದು ನಾನು ಗತ್ತಿನಿಂದ ಮಾತಾಡುವಾಗ ನೀವು ಎಷ್ಟು ನಂಬಬೇಕೋ ಅಷ್ಟೇ ನಂಬಿ. ಫೇಲಾದ ವರ್ಷವೇ ನನಗೆ ಮದುವೆಯಾಯಿತು. ಮೈಸೂರಿನಲ್ಲಿ ಸ್ಕೂಲು ಮೇಷ್ಟ್ರಾಗಿದ್ದ ನಮ್ಮಪ್ಪ ಮಾತುಕತೆಯ ದಿನವೇ, ಮಗಳಿಗೆ ಒಂದು ಪರೀಕ್ಷೆ ಬಾಕಿ ಇದೆ, ಅದನ್ನು ಬರೆಯಲು ಮುಂದಿನ ವರ್ಷ ಒಂದು ತಿಂಗಳ ಮಟ್ಟಿಗೆ ಕಳಿಸಿಕೊಡಬೇಕು ಎಂದು ಕೇಳಿದ್ದರು. “ಅದ್ಕೇನಂತೆ, ಬರೀಲಿ ಬುಡಿ” ಎಂದು ನಮ್ಮ ಮಾವ ಎಲ್ಲರ ಎದುರಿಗೆ ಒಪ್ಪಿದ್ದರು. ಒಪ್ಪುವಾಗ ಅವರ ಬಾಯಿ ತುಂಬ ಎಲೆಅಡಿಕೆ ಇತ್ತು. ಮಾತು ಕೊಡಲು ತಲೆಯಾಡಿಸಿದರೋ, ಉಗಿಯಲು ಜಾಗ ಹುಡುಕಿದರೋ ಎಂಬ ಅನುಮಾನ ನನಗೆ ಆಗಲೇ ಬಂದಿತ್ತು.

ಗಂಡನ ಮನೆ ಮಂಡ್ಯದ ಗುತ್ತಲಿನಲ್ಲಿ. ನಾಲೆ ನೀರಿನ ಗದ್ದೆ, ಕಬ್ಬು, ಹಟ್ಟಿ ತುಂಬ ದನ ಇದ್ದ ಒಕ್ಕಲು ಮನೆ. ನನ್ನ ಗಂಡ ಗುಮಾಸ್ತೆ ಕೆಲಸಕ್ಕೆಂದು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅಪ್ಪನ ಎದುರು ಎರಡು ಮಾತಿಗಿಂತ ಹೆಚ್ಚು ಆಡುವ ಗಂಡಸಲ್ಲ, ಆದ್ದರಿಂದ ಈ ಕತೆಯಲ್ಲಿ ಅವರ ಪಾತ್ರ ಇಷ್ಟೇ.

ಮನೆಯ ಮುಂದೆ ಉದ್ದದ ಜಗಲಿ. ಜಗಲಿಯ ಕಂಬದ ಬುಡದಲ್ಲಿ ಒಂದು ಮಣ್ಣಿನ ಕುಂಡ, ಅದರಲ್ಲಿ ಒಂದು ಗುಲಾಬಿ ಗಿಡ. ಹಿಂದಿನ ಬೀದಿಯಲ್ಲಿ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದ ಸಾಬರ ಮನೆಯಿಂದ ನಮ್ಮತ್ತೆ ಕಡ್ಡಿ ತಂದು ನೆಟ್ಟಿದ್ದರಂತೆ. ಆ ಮನೆಯ ಬೂಬಮ್ಮನ ಗಿಡ ಒಂದೊಂದು ಸಲಕ್ಕೆ ಹತ್ತು ಹೂ ಬಿಡುತ್ತಿತ್ತು. ಅದೇ ತಾಯಿಯ ಮಗುವಾದ ನಮ್ಮ ಗಿಡ ಮೂರು ವರ್ಷದಿಂದ ಮುಳ್ಳು ಬಿಟ್ಟು ಇನ್ನೇನನ್ನೂ ಬಿಟ್ಟಿರಲಿಲ್ಲ. ಎಲೆಗಳೆಲ್ಲ ಕಾಮಾಲೆ ಬಂದ ಹಾಗೆ ಹಳದಿ, ನರ ಮಾತ್ರ ಹಸಿರು.

ಆ ಗಿಡದ ಪಕ್ಕದಲ್ಲೇ ನಮ್ಮ ಮಾವನ ಜಾಗ. ಮಧ್ಯಾಹ್ನ ಮೂರು ದಾಟಿದ ಮೇಲೆ ಅಲ್ಲಿ ಅವರ ಮೂವರು ಗೆಳೆಯರು ಬಂದು ಸೇರುತ್ತಿದ್ದರು. ಒಬ್ಬರಿಗೆ ಮೀಸೆ ದೊಡ್ಡದು. ಇನ್ನೊಬ್ಬರಿಗೆ ಕಿವಿ ಮಂದ. ಮೂರನೆಯವರು ಯಾವುದೋ ಜಮೀನಿನ ವ್ಯಾಜ್ಯಕ್ಕೆ ಮದ್ದೂರಿನ ಕೋರ್ಟಿಗೆ ಆರು ವರ್ಷ ಅಲೆದು ಸೋತವರು. ಸೋತ ಮೇಲೆ ಕಾನೂನೆಲ್ಲ ತಮಗೆ ಗೊತ್ತು ಎನ್ನುತ್ತಿದ್ದರು. ರೈಲಿನಲ್ಲಿ ಬಂದ ಪೇಪರು ನಾಲ್ಕು ಗಂಟೆಗೆ ನಮ್ಮ ಜಗಲಿ ಮುಟ್ಟುತ್ತಿತ್ತು. ಅದು ಯುದ್ಧದ ಕಾಲ. ನಾನು ಹೊಸ್ತಿಲ ಒಳಗೆ, ಅರ್ಧ ಮುಚ್ಚಿದ ಬಾಗಿಲ ಹಿಂದೆ ಕುಳಿತು ಗಟ್ಟಿಯಾಗಿ ಓದಬೇಕು; ಗಂಡಸರು ಹೊರಗೆ ಕೇಳಬೇಕು. ಮೊದಲು ನಮ್ಮ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರೊಬ್ಬರು ಓದುತ್ತಿದ್ದರಂತೆ. ಅವರಿಗೆ ಮಳವಳ್ಳಿಗೆ ವರ್ಗವಾದ ಮೇಲೆ ಸ್ವಲ್ಪ ದಿನ ಜಗಲಿಗೆ ಯುದ್ಧವೇ ತಲುಪಿರಲಿಲ್ಲ, ಆಮೇಲೆ ನಾನು ಬಂದೆ. ನಡುನಡುವೆ ಬೇಜಾರಾದರೆ ನಾನು ಸುದ್ದಿಗೆ ಒಂದಿಷ್ಟು ಒಗ್ಗರಣೆ ಹಾಕುತ್ತಿದ್ದೆ. ಜರ್ಮನಿಯವರ ಟ್ಯಾಂಕುಗಳು ಕೆಸರಿನಲ್ಲಿ ಹೂತವು ಎಂದಿದ್ದರೆ, ಎಳೆಯಲು ಎತ್ತು ಕಟ್ಟಿದರು ಎಂದು ಸೇರಿಸುತ್ತಿದ್ದೆ. “ಯಾವ ಜಾತಿ ಎತ್ತಂತೆ?” ಎಂದು ಮೀಸೆಯವರು ಕೇಳುತ್ತಿದ್ದರು.

ಜ್ಯೇಷ್ಠದ ಕೊನೆಯಲ್ಲಿ ಅಪ್ಪನ ಕಾಗದ ಬಂತು. ದಸರೆಗೆ ಮುಂಚೆ ಪರೀಕ್ಷೆ, ಗೌರಿ ಹಬ್ಬ ಮುಗಿದೊಡನೆ ಮಗಳನ್ನು ಕಳಿಸಿ ಎಂದು ಬರೆದಿದ್ದರು. ಅದನ್ನೂ ನಾನೇ ಓದಿದೆ. ಮಾವ ಅಡಿಕೆ ಹೋಳೊಂದನ್ನು ಬಾಯಿಗೆ ಹಾಕಿಕೊಂಡರು. ಕೊಟ್ಟ ಮಾತನ್ನು ಇಲ್ಲವೆನ್ನುವ ಜಾತಿಯಲ್ಲ, ಹೂಂ ಎನ್ನಲು ಮನಸ್ಸಿಲ್ಲ. ಕೊನೆಗೆ ಕುಂಡದ ಕಡೆ ಕೈ ತೋರಿಸಿದರು.

“ಅಲ್ಲಾ ಕಣವ್ವ, ಅದೇನೋ ಕ್ಷಾರ ಗೀರ ಓದಿವ್ನಿ ಅಂತೀಯಲ್ಲ. ಆ ವಿದ್ಯೆಗೆ ಕಸುವಿದ್ರೆ ಈ ಗಿಡದಾಗೆ ಊವ ಬುಡ್ಸು ನೋಡಾನ. ಗೌರಿ ಅಬ್ಬದೊಳ್ಗೆ ಒಂದೇ ಒಂದು ಊವ. ಬುಡ್ತೋ, ನಾನೇ ರೈಲು ಅತ್ತುಸ್ತೀನಿ. ಬುಡ್ಲಿಲ್ವೋ, ಆ ಪುಸ್ತಕ ಅಟ್ಟಕ್ಕೆ.”

“ನಾವು ಮೂರ್ ಜನ ಸಾಕ್ಷಿ” ಎಂದರು ಕೋರ್ಟಿನವರು.

ಬಾಗಿಲ ಹಿಂದಿನಿಂದ ನಾನು “ಆಗಲಿ ಮಾವಯ್ಯ” ಎಂದೆ. ನನಗೆ ಮೂಗಿನ ತುದಿಯಲ್ಲಿ ಕೋಪ, ಹುಟ್ಟಿದಂದಿನಿಂದಲೂ. ಆ ಪರೀಕ್ಷೆ ನನಗೆ ಬೇಕೇ ಬೇಕಿತ್ತು. ಜನ್ಮವಿಡೀ ‘ಫೇಲಾದವಳು’ ಎಂದು ಕರೆಸಿಕೊಂಡು ಮುದ್ದೆ ತೊಳಸುವುದಕ್ಕೆ ನಾನು ತಯಾರಿರಲಿಲ್ಲ. ಪಾಸಾದವಳಾಗಿ ತೊಳಸುವುದಕ್ಕೆ ಅಡ್ಡಿಯಿರಲಿಲ್ಲ.

ಕಾಲೇಜು ಬಿಡುವಾಗ ಪ್ರಯೋಗಶಾಲೆಯಿಂದ ಲಿಟ್ಮಸ್ ಕಾಗದದ ಒಂದು ಪುಟ್ಟ ಕಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಫೇಲು ಮಾಡಿದ್ದಕ್ಕೆ ಅಷ್ಟಾದರೂ ದಂಡ ಬೇಡವೇ? ಮಾರನೆಯ ಬೆಳಿಗ್ಗೆ ಕುಂಡದ ಮಣ್ಣನ್ನು ಮಳೆನೀರಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟು, ಕೆಂಪು ಕಾಗದ ಅದ್ದಿದೆ. ನೋಡುತ್ತಿದ್ದಂತೆ ನೀಲಿಯಾಯಿತು. ಅಂದರೆ ಮಣ್ಣು ಕ್ಷಾರ. ನಾಲೆ ಬಂದ ಮೇಲೆ ನಮ್ಮ ಕಡೆ ತಗ್ಗಿನ ಗದ್ದೆಗಳಲ್ಲಿ ಬಿಳಿಯ ಚೌಳು ಎದ್ದು ಪೈರು ಹಳದಿಯಾಗುತ್ತಿತ್ತಲ್ಲ, ಕುಂಡದಲ್ಲೂ ಅದೇ ಕತೆ. ಇಂಥ ಮಣ್ಣಿನಲ್ಲಿ ಗಿಡಕ್ಕೆ ಎಷ್ಟು ಬಡಿಸಿದರೂ ಮೈಗೆ ಹತ್ತುವುದಿಲ್ಲ. ಮೊದಲು ಹುಳಿ ಕೊಟ್ಟು ಮಣ್ಣನ್ನು ಸರಿದಾರಿಗೆ ತರಬೇಕು, ಆಮೇಲೆ ಗೊಬ್ಬರದ ನೀರು.

ನಾನು ಎರಡನ್ನೂ ಒಟ್ಟಿಗೇ ಶುರುಮಾಡಿದೆ. ಹೊಂಗೆ ಹಿಂಡಿಯನ್ನು ಹಳೇ ಗಡಿಗೆಯಲ್ಲಿ ನೆನೆಹಾಕಿದೆ. ಅತ್ತೆಯ ತವರು ಬಂಡೂರಿನಿಂದ ಬಂದ ನೆಂಟರು ನನ್ನ ಮಾತಿಗೆ ಕಟ್ಟುಬಿದ್ದು ಒಂದು ಚೀಲ ಕುರಿಹಿಕ್ಕೆ ತಂದುಕೊಟ್ಟರು. ಅದನ್ನು ಗೋಣಿಬಟ್ಟೆಯಲ್ಲಿ ಗಂಟು ಕಟ್ಟಿ ಅದೇ ಗಡಿಗೆಗೆ ಇಳಿಬಿಟ್ಟೆ. ಹಬ್ಬದೂಟಕ್ಕೆ ಹೆಸರಾದ ಕುರಿಗಳ ಊರಿನಿಂದ ಮಾಂಸ ಬಿಟ್ಟು ಹಿಕ್ಕೆ ತರಿಸಿಕೊಂಡ ಸೊಸೆ ಎಂದು ಅತ್ತೆ ಬೀದಿಯೆಲ್ಲ ಹೇಳಿಕೊಂಡು ಬಂದರು. ದಿನಕ್ಕೆರಡು ಸಲ ಕೋಲಿನಲ್ಲಿ ತಿರುವುತ್ತಿದ್ದೆ. ಒಂದು ವಾರಕ್ಕೆ ಅದು ನೊರೆಯೆದ್ದು, ಜಗಲಿಯ ತನಕ ನಾರತೊಡಗಿತು.

“ಎಲ್ಲೋ ಎಗ್ಣ ಸತ್ತೈತೆ ಕಣ್ಲಾ” ಎಂದರು ಮೀಸೆಯವರು, ಮೀಸೆಯ ಮೇಲೆ ಹೆಗಲ ವಲ್ಲಿ ಒತ್ತಿಕೊಂಡು.

“ನಮ್ ಸೊಸೆ ವಿದ್ಯೆ ಕಣ್ಲಾ ಅದು” ಎಂದರು ಮಾವ. ದನಿಯಲ್ಲಿ ಹೆಮ್ಮೆಯೋ ಗೇಲಿಯೋ ತಿಳಿಯಲಿಲ್ಲ.

ಮೊದಲ ಸಲ ಅವಸರಕ್ಕೆ ಬಿದ್ದು ಗಟ್ಟಿ ರಸವನ್ನೇ ಸುರಿದೆ. ಎಲೆಯ ತುದಿಗಳು ಸುಟ್ಟುಹೋದವು. ಆಮೇಲೆ ಬುದ್ಧಿ ಬಂತು. ಒಂದು ಚೆಂಬು ರಸಕ್ಕೆ ಹತ್ತು ಚೆಂಬು ನೀರು. ತಿಳಿಸಾರಿನ ಬಣ್ಣ ಬರಬೇಕು, ಅಷ್ಟೇ. ಅದೂ ವಾರಕ್ಕೊಮ್ಮೆ, ಮಣ್ಣು ಒದ್ದೆಯಿದ್ದಾಗ ಮಾತ್ರ. ಮಧ್ಯೆ ಹುಣಸೆಹಣ್ಣು ಕಿವುಚಿದ ನೀರು. ಅದರಲ್ಲಿ ನಾನು ಬೂಬಮ್ಮನ ಗಂಡನ ಕುಲುಮೆಯಿಂದ ತಂದ ಕಬ್ಬಿಣದ ಪುಡಿಯನ್ನೂ ನೆನೆಸುತ್ತಿದ್ದೆ, ಎಲೆಗೆ ಹಸಿರು ಬರಲೆಂದು. ಕಾಡಿಗೆಯಂಥ ಕರಿನೀರು. “ಬಾಣಂತಿಗೂ ಇಷ್ಟು ಕಸಾಯ ಕೊಡಾಕಿಲ್ಲ ಕಣವ್ವ” ಎಂದು ಅತ್ತೆ ಬೆರಗಾಗಿ ನೋಡುತ್ತಿದ್ದರು.

ಹುಳಿ ಕೊಟ್ಟ ದಿನ ಮಣ್ಣು ಹದಕ್ಕೆ ಬರುತ್ತಿತ್ತು. ನಾಲ್ಕು ದಿನ ಬಿಟ್ಟು ನೋಡಿದರೆ ಕಾಗದ ಮತ್ತೆ ನೀಲಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂಬ ಗಾದೆಯನ್ನು ನಾನು ಅಕ್ಷರಶಃ ಮಾಡಿ ತೋರಿಸುತ್ತಿದ್ದೆ. ನೀರು ಬದಲಿಸಿದೆ, ಮಣ್ಣು ಬದಲಿಸಿದೆ, ಪ್ರಯೋಜನವಾಗಲಿಲ್ಲ.

ಒಂದು ಬೆಳಿಗ್ಗೆ ಕಳೆ ಕೀಳುತ್ತ ಕುಂಡದ ಅಂಚು ಸವರಿದೆ. ಬೆರಳಿಗೆ ಬಿಳಿ ಹತ್ತಿತು. ಬಗ್ಗಿ ನೋಡಿದರೆ ಅಂಚಿನ ಒಳಗೂ ಹೊರಗೂ ದೋಸೆಯಷ್ಟು ದಪ್ಪ ಸುಣ್ಣದ ಪದರ! ನಮ್ಮ ಕಡೆಯ ಗಂಡಸರು ವೀಳ್ಯದೆಲೆಗೆ ಸುಣ್ಣ ಸವರಿದ ಮೇಲೆ ಆ ಬೆರಳನ್ನು ಏನು ಮಾಡುತ್ತಾರೆ? ಕೈಗೆಟುಕಿದ ಕಂಬಕ್ಕೆ ಒರೆಸುತ್ತಾರೆ. ಯಾವ ಮನೆಯ ಕಂಬ ನೋಡಿದರೂ ಸೊಂಟದೆತ್ತರಕ್ಕೆ ಬಿಳಿ ಗೀರುಗಳಿರುತ್ತವೆ. ನಮ್ಮ ಜಗಲಿಯಲ್ಲಿ ಕಂಬಕ್ಕಿಂತ ಹತ್ತಿರ ಕುಂಡವಿತ್ತು. ನಾಲ್ಕು ಜನ, ದಿನಕ್ಕೆ ಐದಾರು ಸಲ, ಮೂರು ವರ್ಷ. ನೀರು ಹಾಕಿದಾಗಲೆಲ್ಲ ಸುಣ್ಣ ಕರಗಿ ಬೇರಿಗೆ ಇಳಿದಿತ್ತು. ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಗಿಡ ಮಾತ್ರ ಸಾಯುತ್ತಿತ್ತು.

ನಾನು ಅಂಚನ್ನೆಲ್ಲ ಕೆರೆದು, ಹೊಸ ಕೆಮ್ಮಣ್ಣಿಗೆ ಎಲೆಗೊಬ್ಬರ ಬೆರೆಸಿ ಗಿಡ ಮತ್ತೆ ನೆಟ್ಟೆ. ಕಂಬಕ್ಕೆ ಒಂದು ಹಳೇ ಗೋಣಿತುಂಡು ನೇತುಹಾಕಿ, ಇನ್ನು ಬೆರಳು ಒರೆಸುವುದು ಇದಕ್ಕೆ ಎಂದು ಅತ್ತೆಯ ಬಾಯಲ್ಲಿ ಹೇಳಿಸಿದೆ. ಮುದುಕರು ಮಕ್ಕಳ ಹಾಗೆ ವಿಧೇಯರಾದರು. ಕಿವಿ ಮಂದದವರು ಹೇಳಿದ್ದು ಕೇಳಿಸದಿದ್ದರೂ ಉಳಿದವರನ್ನು ನೋಡಿ ಮುಖವನ್ನೂ ಅದಕ್ಕೇ ಒರೆಸಿಕೊಂಡರು.

ಆಷಾಢ ಕಳೆಯುವಷ್ಟರಲ್ಲಿ ಹೊಸ ಚಿಗುರು ಬಂತು. ಎಣ್ಣೆ ಹಚ್ಚಿದಂಥ ಕೆಂಪು ಚಿಗುರು, ಬಲಿತಂತೆ ಕಡುಹಸಿರು. ಶ್ರಾವಣದ ಎರಡನೆಯ ವಾರ, ತುದಿಯಲ್ಲಿ ಕಡಲೆಕಾಳಿನಷ್ಟು ಮೊಗ್ಗು! ನಾನು ಕುಣಿಯುವುದೊಂದು ಬಾಕಿ. ಟ್ರಂಕಿನ ಬಟ್ಟೆಯನ್ನು ಆಗಲೇ ಜೋಡಿಸತೊಡಗಿದೆ. ಮಾವ ದಿನಕ್ಕೆ ಹತ್ತು ಸಲ ಆ ಮೊಗ್ಗಿನ ಹತ್ತಿರ ಬಗ್ಗಿ ನೋಡುತ್ತಿದ್ದರು. ಪಾಪ, ಅವರಿಗೂ ಆಸೆ ಹುಟ್ಟಿದೆ ಎಂದುಕೊಂಡೆ.

ಒಂದು ವಾರಕ್ಕೆ ಮೊಗ್ಗು ಕತ್ತು ಬಗ್ಗಿಸಿತು. ಇನ್ನೆರಡು ದಿನಕ್ಕೆ ಕಪ್ಪಾಗಿ ಉದುರಿತು. ಎಲೆಗಳಿಗೆ ಮತ್ತೆ ಅದೇ ಕಾಮಾಲೆ. ಉಳಿದಿದ್ದ ಕೊನೆಯ ಲಿಟ್ಮಸ್ ತುಂಡನ್ನು ಅದ್ದಿದೆ. ಎಂದೂ ಇಲ್ಲದಷ್ಟು ನೀಲಿ. ಅಂಚು ನೋಡಿದರೆ ತೊಳೆದಿಟ್ಟಷ್ಟು ಸ್ವಚ್ಛ. ಹಾಗಾದರೆ ಯಾರೋ ಬೇಕೆಂದೇ ಸುಣ್ಣವನ್ನು ಮಣ್ಣಿನೊಳಗೆ ಹುಗಿಯುತ್ತಿದ್ದಾರೆ. ಹಟ್ಟಿಯ ಹಿಂದೆ ಹೋಗಿ ಅತ್ತುಬಿಟ್ಟೆ, ಆಮೇಲೆ ಕಣ್ಣೊರೆಸಿಕೊಂಡು ಯೋಚನೆಗೆ ಕುಳಿತೆ.

ಲಿಟ್ಮಸ್ ಮುಗಿದಿತ್ತು. ಆದರೆ ಆರತಿಯ ಓಕುಳಿನೀರು ಕಲೆಸುವ ಯಾವ ಹೆಂಗಸಿಗೂ ಗೊತ್ತು, ಅರಿಸಿನಕ್ಕೆ ಸುಣ್ಣ ಸೋಕಿದರೆ ರಕ್ತಗೆಂಪಾಗುತ್ತದೆ. ನನ್ನ ಪ್ರಯೋಗಶಾಲೆ ಅಡುಗೆಮನೆಯ ಡಬ್ಬಿಯಲ್ಲೇ ಇತ್ತು! ಕೊನೆಯ ಶ್ರಾವಣ ಶುಕ್ರವಾರ ಬೆಳಿಗ್ಗೆ ಮನೆಯ ಹೊಸ್ತಿಲಿಗೆ ಅರಿಸಿನ ಬಳಿದು, ಕುಂಡಕ್ಕೂ ಬಳಿದು ಕುಂಕುಮ ಇಟ್ಟೆ. ಶುಕ್ರವಾರದ ದಿನ ಅದನ್ನು ಯಾರು ಏಕೆಂದು ಕೇಳುತ್ತಾರೆ? ಮೇಲಿನ ಮಣ್ಣಿಗೂ ಎರಡು ಹಿಡಿ ಅರಿಸಿನಪುಡಿ ಬೆರೆಸಿ, ನೀರು ಚಿಮುಕಿಸಿ, ಮೇಲೆ ಒಣ ಎಲೆ ಹರಡಿದೆ.

ಊಟವಾದ ಮೇಲೆ ನಾನೂ ಅತ್ತೆಯೂ ಒಳಗೆ ಮಲಗಿದೆವು. ಅತ್ತೆಗೆ ನಿದ್ದೆ ಬಂತು. ನಾನು ಕಿವಿ ತೆರೆದು ಮಲಗಿದ್ದೆ. ಸ್ವಲ್ಪ ಹೊತ್ತಿಗೆ ಜಗಲಿಯಲ್ಲಿ ಯಾರೋ ಲಗುಬಗೆಯಿಂದ ಎದ್ದ ಸದ್ದು. ಆಮೇಲೆ ಬಚ್ಚಲಲ್ಲಿ ನೀರು ಸುರಿದ ಸದ್ದು, ಉಜ್ಜುವ ಸದ್ದು. ಎದ್ದು ಹೋಗಿ ಕಿಂಡಿಯಲ್ಲಿ ಇಣುಕಿದೆ. ನಮ್ಮ ಮಾವ! ಬಲಗೈಯ ತೋರುಬೆರಳು ಬುಡದ ತನಕ ಕೆಂಪು. ಸೋಪಿನಿಂದ ಉಜ್ಜುತ್ತಿದ್ದರು. ಸೋಪೂ ಕ್ಷಾರವೇ ತಾನೆ, ಉಜ್ಜಿದಷ್ಟೂ ಕೆಂಪಾಯಿತು. ಗಾಬರಿಯಾಗಿ ಒಲೆಯ ಬೂದಿ ತಂದು ತಿಕ್ಕಿದರು. ಅದು ಇನ್ನೂ ದೊಡ್ಡ ಕ್ಷಾರ. ಅಕ್ಕಪಕ್ಕದ ಬೆರಳುಗಳಿಗೂ ಬಣ್ಣ ಹತ್ತಿತು.

ನನಗೆ ನಗುವೂ ಬಂತು, ಮೈಯೂ ಉರಿದುಹೋಯಿತು. ಎಲ್ಲರ ಮುಂದೆ ಪಂಥ ಕಟ್ಟಿದ ಮನುಷ್ಯ ಹೀಗೆ ಕಳ್ಳಾಟ ಆಡುವುದೇ? ನಾನು ಅಡುಗೆಮನೆಗೆ ಹೋಗಿ, ಏನೂ ಅರಿಯದವಳಂತೆ ಪಾತ್ರೆ ಜೋಡಿಸುತ್ತ ನಿಂತೆ. ಎಂದೂ ಅಡುಗೆಮನೆಯ ಬಾಗಿಲಿಗೆ ಬಾರದ ಮಾವ ಬಂದರು. ಕೈ ವಲ್ಲಿಯೊಳಗಿತ್ತು.

“ಏನವ್ವಾ, ಈ ಕೆಂಪು ಬಣ್ಣ ಗಿಣ್ಣ ಅತ್ಕಂಡ್ರೆ ಏನಾಕಿ ತೊಳುದ್ರೆ ಓಯ್ತದೆ?”

ಒಲೆಯ ಪಕ್ಕದ ಮಡಕೆಯಲ್ಲಿ ಹುಣಸೆಹಣ್ಣಿತ್ತು. ಒಂದು ಚೂರು ಸಾಕಿತ್ತು, ಕ್ಷಣದಲ್ಲಿ ಕೆಂಪು ಹೋಗುತ್ತಿತ್ತು. “ನಂಗೇನು ಗೊತ್ತು ಮಾವಯ್ಯ? ನಾನು ಆ ವಿದ್ಯೇಲಿ ಫೇಲಾದವಳು” ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ನಾನು ಸೌಟು ನೋಡಿದೆ. ಕೈಯನ್ನು ವಲ್ಲಿಯೊಳಗೇ ಇಟ್ಟುಕೊಂಡು ಹೊರಗೆ ಹೋದರು.

ನನ್ನ ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ. ನಾಲ್ಕು ಗಂಟೆಗೆ ಪೇಪರು ಬಂತು, ಗೆಳೆಯರೂ ಬಂದರು. ನನಗೆ ತಲೆನೋವು, ಇವತ್ತು ಓದಲು ಆಗುವುದಿಲ್ಲ ಎಂದು ಅತ್ತೆಯಿಂದ ಹೇಳಿಸಿ, ಬಾಗಿಲ ಸಂದಿಗೆ ಕಣ್ಣಿಟ್ಟು ಕುಳಿತೆ. ಮದುವೆಯಾದ ಮೇಲೆ ನಾನು ಹೂಡಿದ ಮೊದಲ ಮುಷ್ಕರ ಅದು.

“ಓಗ್ಲಿ ಬುಡು, ಆ ಮಗಾನೇ ಯಾಕೆ ದಿನಾ ಓದ್ಬೇಕು?” ಎಂದರು ಮೀಸೆಯವರು. “ನೀನೇ ಓದ್ಲಾ ಇವತ್ತು. ಕನ್ನಡಕ ಇಲ್ವಾ?”

ಅತ್ತೆ ಗೂಡಿನಿಂದ ಕನ್ನಡಕ ತಂದುಕೊಟ್ಟರು. ಮಾವ ಎಡಗೈಯಿಂದ ಅದನ್ನು ಏರಿಸಿಕೊಂಡರು. ಪೇಪರು ಬಿಡಿಸಲು ಎರಡೂ ಕೈ ಬೇಕಾಯಿತು. ಬಲಗೈ ಹೊರಗೆ ಬಂತು.

“ಇದೇನ್ಲಾ ಇದು! ಯಾರ್ ಮದ್ವೇಲಿ ಓಕುಳಿ ಆಡ್ದೆ?” ಮೂವರೂ ನಕ್ಕರು. ಬಾಗಿಲ ಹಿಂದೆ ನಾನೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಮಾವ ನಗಲಿಲ್ಲ. ಪೇಪರನ್ನು ಮುಖದ ಮುಂದೆ ಹಿಡಿದರು. ನಾವೆಲ್ಲ ಕಾದೆವು. ಕೋರ್ಟಿನವರು ಎರಡು ಸಲ ಕೆಮ್ಮಿದರು. ಕೊನೆಗೆ ಮಾವ ಪೇಪರನ್ನು ಮಡಿಸಿ ತೊಡೆಯ ಮೇಲಿಟ್ಟು, ಕನ್ನಡಕ ತೆಗೆದರು.

“ಆ ಗಿಡುಕ್ಕೆ ಸುಣ್ಣ ಊತಾಕ್ದೋನು ನಾನೇ ಕಣ್ರಲಾ. ಮೊಗ್ಗು ನೋಡ್ತಿದ್ದಂಗೇ ದಿಗಿಲಾಗೋಯ್ತು. ಆ ಮಗ ಮೈಸೂರ್ಗೆ ಒಂಟೋದ್ರೆ ಇದನ್ಯಾರು ಓದೋರು? ನಂಗೆ ಓದಾಕೆ ಬರಾಕಿಲ್ಲ. ಕನ್ನಡಕ ಸುಮ್ಕೆ, ಸಂತೇಲಿ ತಗಂಡಿದ್ದು. ಆ ಮೇಷ್ಟ್ರು ಒಂಟೋದ್ಮೇಲೆ ನಿಮ್ ಮುಂದೆ ಕುಂತ್ಕಳಾಕೆ ಎಷ್ಟ್ ಎದ್ರುಕೊಂಡಿದ್ದೆ ಅಂತ ನಂಗೇ ಗೊತ್ತು.”

ಕಿವಿ ಮಂದದವರು ಕೈಯನ್ನು ಕಿವಿಗಿಟ್ಟು, “ಏನಂದೆ?” ಎಂದರು.

ಮಾವ ಒಮ್ಮೆ ಬೀದಿಯ ಕಡೆ ನೋಡಿದರು. ಆಮೇಲೆ ಗಟ್ಟಿಯಾಗಿ ಕೂಗಿದರು: “ನಂಗೆ ಓದಾಕ್ ಬರಾಕಿಲ್ಲ ಅಂದೆ ಕಣ್ಲಾ!”

ಎದುರು ಮನೆಯ ಬಾಗಿಲಲ್ಲಿ ಯಾರೋ ತಿರುಗಿ ನೋಡಿದರು. ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ವರ್ಷವಿಡೀ ನಾನು ಓದಿದ ಸುದ್ದಿಗೆ ಅವರು ತಲೆದೂಗಿದ್ದು, ಅಪ್ಪನ ಕಾಗದವನ್ನು ಒಡೆಯದೆ ನನ್ನ ಕೈಗೇ ಕೊಟ್ಟಿದ್ದು, ನಾನು ಕಟ್ಟಿದ ಸುಳ್ಳೆತ್ತುಗಳನ್ನು ನಂಬಿದ್ದು, ಎಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದೆ. ಆ ಮನುಷ್ಯನನ್ನು ಬೀದಿಯಲ್ಲಿ ನಿಲ್ಲಿಸಿದವಳು ನಾನೇ. ಅಷ್ಟು ದುಃಖ ನನಗೆ ಫೇಲಾದ ದಿನವೂ ಆಗಿರಲಿಲ್ಲ.

ಕಿವಿ ಮಂದದವರೇ ಮೊದಲು ಬಾಯಿಬಿಟ್ಟರು. “ಅಷ್ಟೇಯಾ? ನಂಗೂ ಬರಾಕಿಲ್ಲ.”

“ನಂಗೂ ಇಲ್ಲ ಕಣ್ಲಾ” ಎಂದರು ಮೀಸೆಯವರು. “ನಿಂಗೆ ಬತ್ತದೆ ಅಂತ್ಲೇ ನಾನು ಇಷ್ಟ್ ದಿನ ಸುಮ್ಕಿದ್ದೆ.”

ಮೂವರೂ ಕೋರ್ಟಿನವರ ಕಡೆ ತಿರುಗಿದರು. ಅವರು ಅಡಿಕೆ ಹೋಳನ್ನು ಅತ್ತಿತ್ತ ಹೊರಳಿಸಿ, “ನಂಗೆ ಸೈನು ಮಾಡಾಕೆ ಬತ್ತದೆ” ಎಂದರು.

ನಾನು ಹೊಸ್ತಿಲು ದಾಟಿದೆ. ಆ ಮನೆಯಲ್ಲಿ ಗಂಡಸರಿದ್ದಾಗ ಜಗಲಿಗೆ ಕಾಲಿಟ್ಟದ್ದು ಅದೇ ಮೊದಲು. “ಮಾವಯ್ಯ, ನಾನು ಹೋಗೋಲ್ಲ. ಹೂವೂ ಬಿಟ್ಟಿಲ್ಲವಲ್ಲ” ಎಂದೆ. ಹೇಳುವಾಗ ನಿಜವಾಗಿಯೂ ಹಾಗೇ ಅನ್ನಿಸಿತ್ತು.

“ಊವ ಬುಟ್ಟಿತ್ತು. ನಾನ್ ಸಾಯಿಸ್ದೆ” ಎಂದರು ಅವರು. ಎದ್ದು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಜಗಲಿ ಇಳಿದರು. ಕೈ ಮುಚ್ಚಿಕೊಳ್ಳಲಿಲ್ಲ.

“ಎಲ್ಲಿಗ್ಲಾ?” ಎಂದರು ಮೀಸೆಯವರು.

“ಟೇಸನ್ಗೆ. ಮೈಸೂರ್ ರೈಲು ಎಷ್ಟೊತ್ಗೆ ಅಂತ ತಿಳ್ಕಂಡ್ ಬತ್ತೀನಿ. ಅಲ್ಲೊಂದು ಬೋರ್ಡೈತೆ, ಇಷ್ಟ್ ದಿನ ಅದ್ರ ಮುಂದೆ ನಿಂತ್ಕಂಡು ಓದ್ದಂಗೆ ಮಾಡ್ಬುಟ್ಟು ಬತ್ತಿದ್ದೆ.” ಎರಡು ಹೆಜ್ಜೆ ಹೋದವರು ತಿರುಗಿ ನನ್ನ ಕಡೆ ನೋಡಿದರು. “ಇವತ್ತು ಬಾಯ್ ಬುಟ್ಟು ಕೇಳ್ತೀನಿ ಕಣವ್ವ.”